ಮುಮ್ಮಡಿ ಕೃಷ್ಣರಾಜ ಒಡೆಯರ್

ಮುಮ್ಮಡಿ ಕೃಷ್ಣರಾಜ ಒಡೆಯರ್ (14 ಜುಲೈ 1794 – 27 ಮಾರ್ಚ್ 1868) ಅವರು ಮೈಸೂರು ಸಂಸ್ಥಾನದ ಮಹಾರಾಜರು, ವಿದ್ವಾಂಸರು, ಕಲಾಪೋಷಕರು ಹಾಗೂ ಹಲವು ಫಲಕದ ಆಟಗಳ ಮತ್ತು ಗಂಜೀಫಾ ಎಲೆಯಾಟಗಳ ನಿರ್ಮಾತೃ. ಅವರ ಆಟಗಳು ರಚನೆಯ ಜಾಣ್ಮೆಗೆ ಹೆಸರಾಗಿವೆ. ಆದರೆ ಅವು ಜನಸಾಮಾನ್ಯರ ಆಟಗಳಾಗಿ ಬೆಳೆಯಲಿಲ್ಲ. ಮೈಸೂರು ಜಿಲ್ಲೆಯ ಕೃಷ್ಣರಾಜನಗರಕ್ಕೆ ಹೆಸರು ಬಂದಿರುವುದು ಇವರಿಂದಲ್ಲ, ಇವರ ಮೊಮ್ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಂದ.

ಜನನ ಮತ್ತು ಪಟ್ಟಾಭಿಷೇಕ

ಮುಮ್ಮಡಿಯವರು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರ್, ತಾಯಿ ಕೆಂಪನಂಜಮ್ಮಣ್ಣಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮರಣಹೊಂದಿದ ನಂತರ ಈಸ್ಟ್ ಇಂಡಿಯಾ ಕಂಪನಿಯು ಮೈಸೂರು ಸಂಸ್ಥಾನವನ್ನು ಒಡೆಯರ್ ಮನೆತನಕ್ಕೆ ಒಪ್ಪಿಸಿತು. ಅದೇ ವರ್ಷದ ಜೂನ್ 30ರಂದು ಬಾಲಕನಾಗಿದ್ದ ಕೃಷ್ಣರಾಜರಿಗೆ ಪಟ್ಟಾಭಿಷೇಕವಾಯಿತು. ಅಜ್ಜಿ ಲಕ್ಷ್ಮಮ್ಮಣ್ಣಿ ರಾಜಪ್ರತಿನಿಧಿಯಾಗಿದ್ದರು. ದಿವಾನ್ ಪೂರ್ಣಯ್ಯ ಆಡಳಿತ ನಡೆಸಿದರು. ಒಪ್ಪಂದದಂತೆ ಸಂಸ್ಥಾನವು ಕಂಪನಿಗೆ ಪ್ರತಿವರ್ಷ 7 ಲಕ್ಷ ವರಹಗಳನ್ನು ಸಲ್ಲಿಸಬೇಕಾಗಿತ್ತು.

ಆಳ್ವಿಕೆ ಮತ್ತು ಅಧಿಕಾರ ನಷ್ಟ

ಪೂರ್ಣಯ್ಯನವರ ನಿವೃತ್ತಿಯ ನಂತರ ಮಹಾರಾಜರು ಸ್ವತಃ ಆಡಳಿತ ನಡೆಸಿದರು. 1830–31ರಲ್ಲಿ ನಗರ ಪ್ರಾಂತ್ಯದಲ್ಲಿ ರೈತರ ದಂಗೆ ಎದ್ದಿತು. ಇದನ್ನು ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರಲ್ಲಿ ಆಡಳಿತವನ್ನು ಮಹಾರಾಜರಿಂದ ತೆಗೆದುಕೊಂಡನು. ಅಲ್ಲಿಂದ ಸಂಸ್ಥಾನವು ಕಮಿಷನರುಗಳ ವಶದಲ್ಲಿತ್ತು. ಅವರಲ್ಲಿ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಅಧಿಕಾರದಲ್ಲಿದ್ದನು.

ಮಹಾರಾಜರಿಗೆ ಪದವಿ ಮತ್ತು ಅರಮನೆ ಉಳಿದವು, ರಾಜ್ಯಭಾರ ಉಳಿಯಲಿಲ್ಲ. ಅಧಿಕಾರವನ್ನು ಮರಳಿ ಪಡೆಯಲು ಅವರು ಮಾಡಿದ ಪ್ರಯತ್ನಗಳು ಅವರ ಜೀವಿತಕಾಲದಲ್ಲಿ ಫಲಿಸಲಿಲ್ಲ. ಈ ದೀರ್ಘ ಅವಧಿಯಲ್ಲಿ ಅವರ ಆಸ್ಥಾನವು ಸಾಹಿತ್ಯ, ಸಂಗೀತ, ಚಿತ್ರಕಲೆ ಮತ್ತು ಆಟಗಳ ಕೇಂದ್ರವಾಯಿತು. 1833ರಲ್ಲಿ ಅವರು ಮೈಸೂರಿನಲ್ಲಿ ಸ್ಥಾಪಿಸಿದ ಇಂಗ್ಲಿಷ್ ಶಾಲೆಯು ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. 1861ರಲ್ಲಿ ಜಗನ್ಮೋಹನ ಅರಮನೆಯ ನಿರ್ಮಾಣವಾಯಿತು.

ಶ್ರೀತತ್ತ್ವನಿಧಿ

ಮುಮ್ಮಡಿಯವರ ಹೆಸರಿನಲ್ಲಿರುವ ಪ್ರಮುಖ ಗ್ರಂಥ ಶ್ರೀತತ್ತ್ವನಿಧಿ. ಇದರಲ್ಲಿ ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಮತ್ತು ಕೌತುಕ ಎಂಬ 9 ನಿಧಿಗಳಿವೆ. ದೇವತಾಮೂರ್ತಿಗಳ ಲಕ್ಷಣಗಳನ್ನು ವರ್ಣಚಿತ್ರಗಳೊಂದಿಗೆ ವಿವರಿಸುವ ಈ ಗ್ರಂಥದ ಕೊನೆಯ ಭಾಗವಾದ ಕೌತುಕನಿಧಿಯು ಆಟಗಳನ್ನು ಒಳಗೊಂಡಿದೆ. ಆಟಗಳನ್ನು ದೇವತಾಲಕ್ಷಣಗಳೊಂದಿಗೆ ಒಂದೇ ಗ್ರಂಥದಲ್ಲಿ ಸೇರಿಸಿರುವುದರಿಂದ ಮಹಾರಾಜರು ಅವುಗಳನ್ನು ಕೇವಲ ಕಾಲಕ್ಷೇಪವೆಂದು ಪರಿಗಣಿಸಿರಲಿಲ್ಲವೆಂದು ತಿಳಿಯಬಹುದು.

ಚದುರಂಗ ಮತ್ತು ಫಲಕದ ಆಟಗಳು

ಚದುರಂಗದ ಕುದುರೆಯು ಪ್ರತಿಯೊಂದು ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಇಡೀ ಫಲಕವನ್ನು ಸುತ್ತಿಬರುವ ಸಮಸ್ಯೆಯಲ್ಲಿ ಮುಮ್ಮಡಿಯವರಿಗೆ ವಿಶೇಷ ಆಸಕ್ತಿಯಿತ್ತು. ಇದೇ ಸಮಸ್ಯೆಯನ್ನು ಗಣಿತಜ್ಞ ಆಯ್ಲರ್ 1759ರಲ್ಲಿ ಯುರೋಪಿನಲ್ಲಿ ಅಧ್ಯಯನ ಮಾಡಿದ್ದನು. ಕುದುರೆ ನಡೆದ ಕ್ರಮದಲ್ಲಿ 64 ಮನೆಗಳಿಗೆ 1ರಿಂದ 64ರವರೆಗೆ ಸಂಖ್ಯೆ ಬರೆದಾಗ ಪ್ರತಿ ಅಡ್ಡಸಾಲು ಮತ್ತು ಕಂಬಸಾಲಿನ ಮೊತ್ತ 260 ಆಗುವುದು ಇದರ ಕಠಿಣ ರೂಪ. ಇಂತಹ ಸಂಖ್ಯಾ ಚಮತ್ಕಾರವುಳ್ಳ ನಡೆಗಳ ಇತಿಹಾಸದಲ್ಲಿ ಮೈಸೂರು ಮಹಾರಾಜರ ಹೆಸರು ಉಲ್ಲೇಖಗೊಳ್ಳುತ್ತದೆ. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆಟದ ಫಲಕಗಳ ವರ್ಣಚಿತ್ರಗಳಿವೆ.

ಮೈಸೂರು ಗಂಜೀಫಾ

ಮೊಘಲ್ ಗಂಜೀಫಾದಲ್ಲಿ ಸಾಮಾನ್ಯವಾಗಿ 8 ಬಣ್ಣಗಳ 96 ಎಲೆಗಳಿರುತ್ತವೆ. ದಶಾವತಾರ ಗಂಜೀಫಾದಲ್ಲಿ 10 ಬಣ್ಣಗಳ 120 ಎಲೆಗಳು. ಮುಮ್ಮಡಿಯವರು ಇವನ್ನು ಮೀರಿ ಛದ್ ಎಂಬ ಹೆಸರಿನ ಹಲವು ಹೊಸ ಆಟಗಳನ್ನು ರೂಪಿಸಿದರು. ಇವುಗಳಲ್ಲಿ ಒಂದೊಂದು ಬಣ್ಣಕ್ಕೂ 12 ಸಂಖ್ಯೆಯ ಎಲೆಗಳಲ್ಲದೆ ಹಲವು ಚಿತ್ರದ ಎಲೆಗಳೂ ಸೇರಿದವು. ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೂ ಏರಿತು. ಎಲೆಗಳ ಮೇಲಿನ ದೇವತೆಗಳ ಚಿತ್ರಗಳು ಕೈಯಿಂದಲೇ ಬಿಡಿಸಿದವು.

ಬಳಕೆ ಮತ್ತು ಮಿತಿ

ಆಟಗಾರನ ನೆನಪು, ಲೆಕ್ಕಾಚಾರ, ಪುರಾಣಜ್ಞಾನ ಮತ್ತು ಬಿಡುವು ಎಲ್ಲವನ್ನೂ ಈ ಆಟಗಳು ಬಯಸುತ್ತಿದ್ದವು. ಅರಮನೆಯಲ್ಲಿ ಇವೆಲ್ಲವೂ ದೊರೆಯುತ್ತಿದ್ದವು, ಹೊರಗೆ ದೊರೆಯುತ್ತಿರಲಿಲ್ಲ. ನೂರಾರು ಎಲೆಗಳನ್ನು ಚಿತ್ರಿಸುವ ವೆಚ್ಚವನ್ನು ಸಾಮಾನ್ಯ ಕುಟುಂಬಗಳು ಭರಿಸುವಂತಿರಲಿಲ್ಲ. ಹೀಗಾಗಿ ಛದ್ ಆಟಗಳು ಬಹುಮಟ್ಟಿಗೆ ಅರಮನೆಯ ವಲಯದಲ್ಲಿಯೇ ಉಳಿದವು.

ಇದೇ ಸೀಮೆಯ ಹಳ್ಳಿಗಳಲ್ಲಿ ಚೌಕಾಬಾರ, ಪಗಡೆ, ಅಳಗುಳಿ ಮಣೆ ಮತ್ತು ಹುಲಿ-ಕುರಿ ಆಟಗಳು ತಲೆಮಾರಿನಿಂದ ತಲೆಮಾರಿಗೆ ಸಾಗಿಬಂದವು. ಚೌಕಾಬಾರಕ್ಕೆ ನೆಲದ ಮೇಲೆ ಗೆರೆ ಎಳೆದು ಕವಡೆ ಅಥವಾ ಹುಣಸೆ ಬೀಜ ಹಿಡಿದರೆ ಸಾಕು. ಪಕ್ಕದಲ್ಲಿ ಕುಳಿತು ನೋಡಿಯೇ ನಿಯಮಗಳನ್ನು ಕಲಿಯಬಹುದು. ಛದ್ ಆಟವನ್ನು ಕಲಿಯಲು ನಿಯಮ ಬಲ್ಲವರೂ, ಪೂರ್ಣ ಕಟ್ಟೂ ಬೇಕಾಗಿದ್ದವು.

ನಿರ್ಮಾತೃ ಕಲ್ಪಿಸಿಕೊಂಡ ಆಟಗಾರನಿಗೂ ವಾಸ್ತವದ ಆಟಗಾರನಿಗೂ ನಡುವಿನ ಈ ಅಂತರ ಆಟಗಳ ಇತಿಹಾಸದಲ್ಲಿ ಹೊಸದಲ್ಲ. ಇಂದಿನ ವಿಡಿಯೋ ಗೇಮ್ ತಯಾರಿಕೆಯಲ್ಲಿ ಬಿಡುಗಡೆಗೆ ಮೊದಲು ಹೊರಗಿನವರಿಂದ ಆಡಿಸಿ ನೋಡುವ ರೂಢಿಯಿರುವುದು ಈ ಅಂತರವನ್ನು ಮೊದಲೇ ಅರಿಯುವುದಕ್ಕಾಗಿ. ಆದರೂ ನಿರೀಕ್ಷೆ ಹುಟ್ಟಿಸಿದ ಅನೇಕ ಆಟಗಳು ಬಿಡುಗಡೆಯಾದ ಬಳಿಕ ಆಟಗಾರರಿಗೆ ನಿರಾಸೆ ತಂದಿವೆ. ಮುಮ್ಮಡಿಯವರ ಆಟಗಳಲ್ಲಿ ಕೊರತೆಯಿದ್ದುದು ಕಲ್ಪನೆಯಲ್ಲಾಗಲಿ ಕುಶಲತೆಯಲ್ಲಾಗಲಿ ಅಲ್ಲ, ಅವುಗಳನ್ನು ಮುಂದುವರಿಸಬಲ್ಲ ಆಟಗಾರರ ಸಂಖ್ಯೆಯಲ್ಲಿ.

ಕೊನೆಯ ದಿನಗಳು

ಮಹಾರಾಜರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಪಡೆದರು. ಬ್ರಿಟಿಷ್ ಸರ್ಕಾರವು ನಂತರ ಈ ದತ್ತನ್ನು ಮಾನ್ಯಮಾಡಿತು. 1868ರ ಮಾರ್ಚ್ 27ರಂದು ಮುಮ್ಮಡಿಯವರು ನಿಧನರಾದರು. ಅವರು ಬಯಸಿದ್ದ ರಾಜ್ಯಾಧಿಕಾರವು 1881ರಲ್ಲಿ ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿ ದೊರೆಯಿತು.

ನಂತರದ ಪ್ರಭಾವ

ಕೌತುಕನಿಧಿಯಲ್ಲಿ 122 ಯೋಗಾಸನಗಳ ಸಚಿತ್ರ ವಿವರವೂ ಇದೆ. ಎನ್. ಇ. ಶೋಮನ್ ಅವರು 1996ರಲ್ಲಿ ಪ್ರಕಟಿಸಿದ ಮೈಸೂರು ಅರಮನೆಯ ಯೋಗ ಪರಂಪರೆ ಕುರಿತ ಪುಸ್ತಕದಿಂದ ಈ ಭಾಗವು ಜಗತ್ತಿನ ಯೋಗಾಸಕ್ತರ ಗಮನ ಸೆಳೆಯಿತು. ಅದೇ ನಿಧಿಯ ಆಟಗಳಿಗೆ ಅಷ್ಟು ವ್ಯಾಪಕ ಪ್ರಸಿದ್ಧಿ ದೊರೆಯಲಿಲ್ಲ. ಅವು ಇಂದು ಮುಖ್ಯವಾಗಿ ಸಂಶೋಧಕರ, ಸಂಗ್ರಾಹಕರ ಮತ್ತು ಪ್ರದರ್ಶನಗಳ ಆಸಕ್ತಿಯ ವಿಷಯಗಳಾಗಿವೆ. ಗಂಜೀಫಾ ಚಿತ್ರಕಲೆಯನ್ನು ಶ್ರೀರಂಗಪಟ್ಟಣದ ಕಲಾವಿದ ರಘುಪತಿ ಭಟ್ಟರು ಪುನರುಜ್ಜೀವನಗೊಳಿಸಿದರು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆಡುವುದಕ್ಕೆಂದು ಮಾಡಿದ ಎಲೆಗಳು ಈಗ ಹೆಚ್ಚಾಗಿ ನೋಡುವುದಕ್ಕಾಗಿ ಉಳಿದಿವೆ.