ಮುದಿ ಕುದುರೆಗಳ ಸಾಲ ತೀರಿಸಿದಾಕೆ

ದುಡಿಯುವಷ್ಟು ದಿನ ದುಡಿಸಿಕೊಳ್ಳುವುದು, ಕೈಲಾಗದ ಕಾಲಕ್ಕೆ ಬೀದಿಗೆ ಅಟ್ಟುವುದು. ಮನುಷ್ಯನ ಈ ಚಾಳಿ ಇವತ್ತು ನಿನ್ನೆಯದಲ್ಲ. ಎತ್ತಿಗೂ ಅದೇ ಗತಿ, ಕತ್ತೆಗೂ ಅದೇ ಗತಿ. ಕೆಲವು ಮನೆಗಳಲ್ಲಿ ಹೆತ್ತವರಿಗೂ ಅದೇ ಗತಿ.

ಒಂದು ಕಾಲಕ್ಕೆ ನಮ್ಮ ಊರುಗಳ ರೈಲ್ವೆ ಸ್ಟೇಷನ್ ಮುಂದೆ, ಸಂತೆ ಬೀದಿಯಲ್ಲಿ, ದೊಡ್ಡಾಸ್ಪತ್ರೆ ಗೇಟಿನ ಬಳಿ ಸಾಲುಗಟ್ಟಿ ನಿಲ್ಲುತ್ತಿದ್ದ ಜಟಕಾ ಗಾಡಿಗಳು ಆಟೋರಿಕ್ಷಾ ಬಂದ ಮೇಲೆ ಒಂದೊಂದಾಗಿ ಮಾಯವಾದವು. ಗಾಡಿ ಗುಜರಿಗೆ ಹೋಯಿತು, ಸರಿ. ಗಾಡಿಯವನು ಬೇರೆ ಕೂಲಿ ಹುಡುಕಿಕೊಂಡ, ಅದೂ ಸರಿ. ಆ ಕುದುರೆ ಎಲ್ಲಿಗೆ ಹೋಯಿತು? ಇದರ ಲೆಕ್ಕ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಇಂಥದೇ ಒಂದು ಲೆಕ್ಕವನ್ನು ಸುಮಾರು ತೊಂಬತ್ತು ವರ್ಷಗಳ ಹಿಂದೆ ಒಬ್ಬ ಹೆಂಗಸು ಕೈಗೆತ್ತಿಕೊಂಡಳು. ಊರು ಈಜಿಪ್ಟಿನ ರಾಜಧಾನಿ ಕೈರೋ. ಆಕೆಯ ಹೆಸರು ಡಾರತಿ ಬ್ರೂಕ್. ಬಿಳಿ ದೊರೆಸಾನಿ, ಜನರಲ್ ಸಾಹೇಬನ ಹೆಂಡತಿ. ಆಕೆ ಕಣ್ಣು ಮುಚ್ಚಿ ಎಷ್ಟೋ ದಶಕ ಕಳೆದರೂ ಹೆಸರು ಮಾಸಿಲ್ಲ. ನಮ್ಮ ಉತ್ತರ ಭಾರತದ ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕತ್ತೆ, ಕುದುರೆಗಳವರೆಗೂ ಅದು ಬಂದು ಮುಟ್ಟಿದೆ.

ಕುದುರೆಯೊಂದಿಗೇ ಬೆಳೆದವಳು

ಡಾರತಿ ಹುಟ್ಟಿದ್ದು 1883ರ ಜೂನ್ ತಿಂಗಳಲ್ಲಿ. ತವರಿನ ಹೆಸರು ಗಿಬ್ಸನ್-ಕ್ರೇಗ್. ಉಳ್ಳವರ ಮನೆತನ. ಆ ಕಾಲದ ಬ್ರಿಟನ್ನಿನ ಇಂಥ ಮನೆಗಳಲ್ಲಿ ಮಕ್ಕಳು ನೆಟ್ಟಗೆ ನಡೆಯಲು ಕಲಿತ ಬೆನ್ನಿಗೇ ಕುದುರೆ ಹತ್ತಲು ಕಲಿಯುತ್ತಿದ್ದರು. ಡಾರತಿಗೂ ಕುದುರೆಯ ಹುಚ್ಚು ಸಣ್ಣಂದಿನಿಂದ ಹಿಡಿದದ್ದು ಕೊನೆಯವರೆಗೂ ಬಿಡಲಿಲ್ಲ.

ಮೊದಲ ಮದುವೆ ಸೀರೈಟ್ ಎಂಬ ಸೈನ್ಯಾಧಿಕಾರಿಯ ಜೊತೆ. ಮೂರು ಮಕ್ಕಳಾದವು, ಸಂಸಾರ ಮಾತ್ರ ನಿಲ್ಲಲಿಲ್ಲ. 1926ರಲ್ಲಿ ಜೆಫ್ರಿ ಬ್ರೂಕ್ ಎಂಬಾತನನ್ನು ಮದುವೆಯಾದಳು. ಆತ ಅಶ್ವದಳದ ಅಧಿಕಾರಿ, ಹೆಸರುವಾಸಿ ಸವಾರ. ಸವಾರಿಯ ಬಗ್ಗೆ, ಕುದುರೆ ಪಳಗಿಸುವ ಬಗ್ಗೆ ಪುಸ್ತಕಗಳನ್ನೇ ಬರೆದವನು. ಗಂಡನಿಗೂ ಕುದುರೆ, ಹೆಂಡತಿಗೂ ಕುದುರೆ. ಈಡು ಜೋಡು ಸರಿಹೋಯಿತು.

1930ರ ಅಕ್ಟೋಬರಿನಲ್ಲಿ ಜೆಫ್ರಿಗೆ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಅಶ್ವದಳದ ಜವಾಬ್ದಾರಿ ಬಿತ್ತು. ದಂಪತಿ ಕೈರೋಗೆ ಬಂದಿಳಿದರು. ಡಾರತಿಗೆ ಆಗ 47 ವರ್ಷ. ದೊಡ್ಡ ಬಂಗಲೆ, ಆಳುಕಾಳು, ಸಂಜೆಯಾದರೆ ಕ್ಲಬ್ಬು, ಬೆಳಗಾದರೆ ಸವಾರಿ. ಬೇರೆ ದೊರೆಸಾನಿಯರ ಹಾಗೆ ಕಾಲ ಹಾಕಿಬಿಟ್ಟಿದ್ದರೆ ಈಕೆಯ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಆದರೆ ಬರುವಾಗಲೇ ಮನಸ್ಸಿನಲ್ಲಿ ಒಂದು ಪ್ರಶ್ನೆ ಇತ್ತು. ಯುದ್ಧ ಮುಗಿದ ಮೇಲೆ ಈ ನೆಲದಲ್ಲೇ ಬಿಟ್ಟು ಹೋದ ಸೈನ್ಯದ ಕುದುರೆಗಳು ಏನಾದವು?

ಮಾರಿ ಕೈತೊಳೆದುಕೊಂಡರು

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಕುದುರೆ ಇಲ್ಲದೆ ಸೈನ್ಯ ಒಂದು ಹೆಜ್ಜೆ ಮುಂದಿಡುವ ಹಾಗಿರಲಿಲ್ಲ. ಬ್ರಿಟನ್ನಿನ ರೈತರ ಹೊಲದಿಂದ, ಶ್ರೀಮಂತರ ಲಾಯದಿಂದ ಕುದುರೆಗಳನ್ನು ಸರ್ಕಾರ ಎಳೆದುಕೊಂಡು ಹೋಯಿತು. ಆಸ್ಟ್ರೇಲಿಯಾದಿಂದ ಹಡಗು ಹಡಗು ಕುದುರೆ ಬಂದವು. ಈಜಿಪ್ಟು, ಪ್ಯಾಲೆಸ್ಟೈನ್ ಕಡೆಯ ಮರಳುಗಾಡಿನಲ್ಲಿ ನೀರಿಲ್ಲದೆ, ನೆರಳಿಲ್ಲದೆ ಸವಾರನನ್ನೂ ಸಾಮಾನನ್ನೂ ಹೊತ್ತು ಓಡಿದವು.

ಆ ನೆಲಕ್ಕೂ ನಮಗೂ ನಂಟುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಲ್ಯಾನ್ಸರ್ಸ್ ಪಡೆ 1914ರಲ್ಲಿ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆ ಕಾದಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿದ ಕಾಳಗದಲ್ಲಿ ಜೋಧಪುರದ ಸವಾರರ ಜೊತೆ ಮೈಸೂರಿನ ಸವಾರರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ಪಡೆಯ ಸ್ಮಾರಕ ಇದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

ಯುದ್ಧ ಗೆದ್ದಾಯಿತು. ಕುದುರೆಗಳನ್ನು ಊರಿಗೆ ಸಾಗಿಸಬೇಕೆಂದರೆ ಹಡಗಿನ ಖರ್ಚು ಜಾಸ್ತಿ. ರೋಗ ತಂದಾವು ಎಂಬ ಭಯ ಬೇರೆ. ಕೆಲವನ್ನು ಸೈನ್ಯ ಇಟ್ಟುಕೊಂಡಿತು, ತೀರಾ ಮುದಿಯಾದವಕ್ಕೆ ಗುಂಡಿಕ್ಕಿತು. ಉಳಿದವನ್ನು ಅಲ್ಲೇ ಮಾರಿಬಿಟ್ಟರು. ಹಾಗೆ ಈಜಿಪ್ಟಿನಲ್ಲಿ ಮಾರಾಟವಾದವು 20,000ದ ಆಸುಪಾಸು ಎಂದು ಅಂದಾಜು. ಮಾರಿದ ದುಡ್ಡು ಖಜಾನೆಗೆ ಜಮಾ ಆಯಿತು, ಫೈಲು ಮುಚ್ಚಿತು.

ಬಾಣದ ಗುರುತು

ಸೈನ್ಯದ ಕುದುರೆಗಳಿಗೆ ಬಾಣದ ಆಕಾರದ ಬರೆ ಹಾಕಿರುತ್ತಿದ್ದರು. ಸರ್ಕಾರದ ಮಾಲು ಎಂಬುದಕ್ಕೆ ಅದೇ ಮುದ್ರೆ. ಕೈರೋದ ಬೀದಿಗಳಲ್ಲಿ ಡಾರತಿ ಹುಡುಕಿದ್ದು ಈ ಗುರುತನ್ನೇ.

ಹುಡುಕಲು ಬಹಳ ಕಷ್ಟಪಡಬೇಕಾಗಲಿಲ್ಲ. ಕಲ್ಲು ಗಣಿಯಿಂದ ಕಲ್ಲು ಎಳೆಯುವ ಬಂಡಿಗಳಲ್ಲಿ, ಮರಳು ಗಾಡಿಗಳಲ್ಲಿ ಅವು ಇದ್ದವು. ಯುದ್ಧದ ಕೊನೆಗೆ 8 ವರ್ಷದ್ದಾಗಿದ್ದ ಕುದುರೆಗೆ 1930ರಲ್ಲಿ 20 ತುಂಬಿತ್ತು. ಕುದುರೆ ಲೆಕ್ಕದಲ್ಲಿ ಅದು ಅಜ್ಜನ ವಯಸ್ಸು. ಆ ವಯಸ್ಸಿಗೆ ಹಲ್ಲು ಸವೆದು ಮೇವು ನುರಿಯುವುದಿಲ್ಲ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಪಕ್ಕೆಲುಬು ಎಣಿಸಬಹುದಿತ್ತು. ನೊಗದ ಪಟ್ಟಿ ಉಜ್ಜಿದ ಕಡೆ ಹುಣ್ಣು, ಹುಣ್ಣಿನ ಮೇಲೆ ನೊಣ. ಕೆಲವು ಕುಂಟುತ್ತಿದ್ದವು, ಕೆಲವಕ್ಕೆ ಕಣ್ಣೇ ಹೋಗಿತ್ತು. ಆದರೂ ಬೆಳಗಾದರೆ ಗಾಡಿಗೆ ಕಟ್ಟುವುದು ತಪ್ಪುತ್ತಿರಲಿಲ್ಲ.

ಪ್ರಾಣಿದಯಾ ಸಂಘದ ಲಾಯದಲ್ಲಿ ಅಂಥದೊಂದು ಕುದುರೆ ಕಣ್ಣಿಗೆ ಬಿತ್ತು. ಅದಕ್ಕೆ ಓಲ್ಡ್ ಬಿಲ್ ಎಂದು ಹೆಸರಾಯಿತು. ಡಾರತಿ ದುಡ್ಡು ಕೊಟ್ಟು ಕೊಂಡಳು. ಅದು ಬದುಕಿ ಉಳಿಯುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೆ ಮಾಡಬಹುದಾಗಿದ್ದ ಉಪಕಾರ ಒಂದೇ, ಇನ್ನಷ್ಟು ನರಳದ ಹಾಗೆ ಬೀಳ್ಕೊಡುವುದು. ಒಂದು ಕುದುರೆಯ ಕಥೆ ಅಲ್ಲಿಗೆ ಮುಗಿಯಿತು. ಉಳಿದ ಸಾವಿರಾರು ಕುದುರೆಗಳ ಪಾಡೇನು? ಅಷ್ಟನ್ನೂ ಕೊಳ್ಳಲು ಜನರಲ್ ಸಂಬಳವೂ ಸಾಲದು.

ಪತ್ರಿಕೆಗೊಂದು ಕಾಗದ

ಆಗ ಡಾರತಿ ಪೆನ್ನು ಹಿಡಿದಳು. ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಒಂದು ಕಾಗದ ಬರೆದಳು. 1931ರ ಏಪ್ರಿಲ್ 16ರಂದು ಅದು ಅಚ್ಚಾಯಿತು. ನಮ್ಮ ಪರವಾಗಿ ಯುದ್ಧ ಮಾಡಿದ ಕುದುರೆಗಳು ಇಲ್ಲಿ ಹೀಗಿವೆ, ಕೈಲಾದಷ್ಟು ಕಳಿಸಿ ಎಂಬುದು ಅದರ ಸಾರ.

ಓದುಗರ ಪತ್ರ ಯಾರು ಓದುತ್ತಾರೆ ಅನ್ನುವವರು ಈ ಕಥೆ ಕೇಳಬೇಕು. ಕಾಗದ ಓದಿದ ಜನ ದುಡ್ಡು ಕಳಿಸತೊಡಗಿದರು. ಯಾರ ಹೊಲದ ಕುದುರೆ ಯುದ್ಧಕ್ಕೆ ಹೋಗಿ ತಿರುಗಿ ಬರಲಿಲ್ಲವೋ, ಯಾರು ಕುದುರೆ ಬೆನ್ನ ಮೇಲೆ ಕೂತು ಜೀವ ಉಳಿಸಿಕೊಂಡಿದ್ದರೋ, ಅಂಥವರಿಗೆಲ್ಲ ಆ ಕಾಗದ ನೇರವಾಗಿ ತಟ್ಟಿತು. ಬಂದ ಹಣದಿಂದ ಒಂದು ಸಮಿತಿ ಆಯಿತು, ಖರೀದಿ ಶುರುವಾಯಿತು.

ಮೂರು ವರ್ಷದಲ್ಲಿ ಕೊಂಡ ಕುದುರೆಗಳು ಸುಮಾರು 5,000. ಭಾನುವಾರ, ಹಬ್ಬ ಎಲ್ಲ ಸೇರಿಸಿದರೂ ದಿನಕ್ಕೆ ನಾಲ್ಕಕ್ಕೆ ಕಡಿಮೆಯಿಲ್ಲ.

ಗಾಡಿಯವನ ಹೊಟ್ಟೆಯ ಮಾತು

ಇಲ್ಲಿ ಒಂದು ಮಾತು ಗಮನಿಸಬೇಕು. ಕುದುರೆಯನ್ನು ಹೊಡೆದು ದುಡಿಸುತ್ತಿದ್ದವನು ರಾಕ್ಷಸನೇನಲ್ಲ. ಅವನೂ ಬಡವ. ಅವನ ಹೆಂಡತಿ ಮಕ್ಕಳ ರೊಟ್ಟಿ ಆ ಕುದುರೆಯ ಕಾಲಿನ ಮೇಲೆ ನಿಂತಿತ್ತು. ಕುಂಟುವ ಕುದುರೆಯನ್ನು ಒಂದು ದಿನ ಬಿಟ್ಟರೆ ಆ ದಿನ ಒಲೆ ಹೊತ್ತುವುದಿಲ್ಲ. ದಿನದ ವ್ಯಾಪಾರ ನಂಬಿ ಬಾಗಿಲು ತೆಗೆಯುವ ಚಿಲ್ಲರೆ ಅಂಗಡಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರಿಟಿಷ್ ಸೈನ್ಯ ಊರಲ್ಲೇ ಠಿಕಾಣಿ ಹೂಡಿದ್ದ ಕಾಲ ಅದು. ದರ್ಪ ತೋರಿಸುವುದು ದೊಡ್ಡ ಮಾತಾಗಿರಲಿಲ್ಲ. ಡಾರತಿ ಆ ದಾರಿ ಹಿಡಿಯಲಿಲ್ಲ. ಕುದುರೆಗೆ ಬೆಲೆ ಕೊಟ್ಟಳು, ಗಾಡಿಯವನು ಬೇರೊಂದು ಪ್ರಾಣಿ ಕೊಂಡು ಕಸುಬು ನಡೆಸಲಿ ಎಂದು. ದಯೆ ತೋರಿಸುವುದು ಸುಲಭ, ಇನ್ನೊಬ್ಬರ ಅನ್ನ ಕಿತ್ತು ತೋರಿಸುವ ದಯೆ ಮಾತ್ರ ದಯೆ ಅನ್ನಿಸಿಕೊಳ್ಳುವುದಿಲ್ಲ. ಡಾರತಿಯ ಕೆಲಸ ಕೈರೋದಲ್ಲಿ ಬೇರು ಬಿಟ್ಟದ್ದು ಈ ಒಂದು ತಿಳಿವಳಿಕೆಯಿಂದ.

ಇನ್ನೊಂದು ನಿರ್ಧಾರ ಇದಕ್ಕಿಂತ ಕಠಿಣ. ಕೊಂಡ ಕುದುರೆಗಳಲ್ಲಿ ಬಹುಪಾಲು ಚೇತರಿಸಿಕೊಳ್ಳುವ ಸ್ಥಿತಿ ದಾಟಿದ್ದವು. ಅವಕ್ಕೆ ಲಾಯದಲ್ಲಿ ದಪ್ಪಗೆ ಹುಲ್ಲು ಹಾಸಿ, ಹೊಟ್ಟೆ ತುಂಬ ಮೇವು ನೀರು ಕೊಟ್ಟು, ಸ್ವಲ್ಪ ಸಮಯ ಹಾಯಾಗಿರಲು ಬಿಟ್ಟು, ಆಮೇಲೆ ನೋವಾಗದ ಹಾಗೆ ಜೀವ ತೆಗೆಸುತ್ತಿದ್ದಳು. ಎಷ್ಟೋ ವರ್ಷ ಬರೀ ನೆಲ ಕಂಡಿದ್ದ ಕುದುರೆಗಳು ಮೆತ್ತನೆಯ ಹುಲ್ಲಿನ ಮೇಲೆ ಕಾಲಿಡಲೂ ಹಿಂಜರಿಯುತ್ತಿದ್ದವಂತೆ.

ಇದೆಂಥ ಪ್ರೀತಿ, ಕೊಂಡು ತಂದು ಕೊಲ್ಲುವುದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ನಮ್ಮ ಕಡೆಯವರಿಗಂತೂ ಇದು ಸುಲಭಕ್ಕೆ ಒಪ್ಪುವ ಮಾತಲ್ಲ. ಆದರೆ ಆಕೆಯ ಕೈಯಲ್ಲಿದ್ದ ದುಡ್ಡು ಎಣಿಕೆಯದು, ಬೀದಿಯಲ್ಲಿದ್ದ ಕುದುರೆಗಳು ಸಾವಿರ ಸಾವಿರ. ಒಂದು ಮುದಿ ಕುದುರೆಗೆ ವರ್ಷವಿಡೀ ಮೇವು ಹಾಕುತ್ತ ಕೂತರೆ ಅದೇ ದುಡ್ಡಿನಲ್ಲಿ ಬಿಡುಗಡೆಯಾಗಬೇಕಿದ್ದ ಬೇರೆ ಕುದುರೆಗಳು ಬಂಡಿಯಲ್ಲೇ ಬಿದ್ದು ಸಾಯುತ್ತಿದ್ದವು. ಜೀವಮಾನವೆಲ್ಲ ಕುದುರೆ ಬೆನ್ನ ಮೇಲೆ ಕಳೆದವಳಿಗೆ ಇದು ಸಲೀಸಾಗಿ ಬಂದ ತೀರ್ಮಾನ ಇರಲಾರದು. ಬಂಗಲೆಯಲ್ಲಿ ಕೂತು ಚೆಕ್ಕಿಗೆ ಸಹಿ ಹಾಕಿ ಸುಮ್ಮನಿರಲಿಲ್ಲ. ಲಾಯಕ್ಕೆ ತಾನೇ ಹೋಗಿ ಕುದುರೆಗಳನ್ನು ನೋಡುತ್ತಿದ್ದಳು, ಕಂಡದ್ದನ್ನು ಡೈರಿಯಲ್ಲಿ ಬರೆದಿಡುತ್ತಿದ್ದಳು. ಆಕೆ ತೀರಿಕೊಂಡ ಮೇಲೆ 1960ರಲ್ಲಿ ಆ ಡೈರಿ ಪುಸ್ತಕವಾಗಿ ಹೊರಬಂತು.

ನಮ್ಮ ಕುದುರೆ, ನಿಮ್ಮ ಕುದುರೆ

ಡಾರತಿ ಶುರು ಮಾಡಿದ್ದು ಬ್ರಿಟಿಷ್ ಸೈನ್ಯದ ಕುದುರೆಗಳಿಗಾಗಿ, ಅದು ನಿಜ. ನಮ್ಮವು ಎಂಬ ಅಭಿಮಾನ ಅದರಲ್ಲಿತ್ತು. ಆದರೆ ಮೂರು ವರ್ಷ ಕೈರೋದ ಬೀದಿ ಸುತ್ತಿದವಳಿಗೆ ಇನ್ನೊಂದು ಸತ್ಯ ಕಾಣದೆ ಹೋಗಲಿಲ್ಲ. ಬಾಣದ ಗುರುತಿಲ್ಲದ ಕುದುರೆಗೂ ಹುಣ್ಣು ಅಷ್ಟೇ ಉರಿಯುತ್ತದೆ. ಕತ್ತೆಗೂ ಬೆನ್ನು ಅಷ್ಟೇ ನೋಯುತ್ತದೆ. ಯುದ್ಧದ ಕುದುರೆಗಳೆಲ್ಲ ಹೇಗಿದ್ದರೂ ಕೆಲವೇ ವರ್ಷದಲ್ಲಿ ತೀರಿಹೋಗುವಂಥವು. ಆಮೇಲೆ?

1934ರಲ್ಲಿ ಕೈರೋದಲ್ಲೇ ಒಂದು ಆಸ್ಪತ್ರೆ ತೆರೆದಳು. ಹೆಸರು ಹಳೆಯ ಯುದ್ಧಾಶ್ವಗಳ ಸ್ಮಾರಕ ಆಸ್ಪತ್ರೆ. ಊರಿನ ಬಡವರು ದುಡಿಸುವ ಯಾವ ಕುದುರೆ, ಯಾವ ಕತ್ತೆ ಬಂದರೂ ಅಲ್ಲಿ ಪುಕ್ಕಟೆ ಚಿಕಿತ್ಸೆ. ಯಾವ ದೇಶದ್ದು, ಯಾರದ್ದು ಎಂದು ಕೇಳುವ ಹಾಗಿಲ್ಲ. ಕೊಳ್ಳುವ ಕೆಲಸ ಹೀಗೆ ಕಾಪಾಡುವ ಕೆಲಸವಾಯಿತು. ಗಾಯ ಸಣ್ಣದಿರುವಾಗಲೇ ಮದ್ದು ಸಿಕ್ಕರೆ ಕುದುರೆಯೂ ಉಳಿಯುತ್ತದೆ, ಗಾಡಿಯವನ ಮನೆಯೂ ಉಳಿಯುತ್ತದೆ.

ಹೋದ ಮೇಲೂ ಉಳಿದದ್ದು

ಡಾರತಿ ಬ್ರೂಕ್ ತೀರಿಕೊಂಡದ್ದು 1955ರ ಜೂನ್ 10ರಂದು, 72ನೇ ವಯಸ್ಸಿನಲ್ಲಿ. ಮರುವರ್ಷವೇ ಸೂಯೆಜ್ ಕಾಲುವೆಯ ವಿಚಾರದಲ್ಲಿ ಬ್ರಿಟನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋಯಿತು. ಎರಡು ದೇಶಗಳ ನಡುವೆ ಮುಖ ನೋಡದಷ್ಟು ಹಗೆ. ಆದರೂ ದೊರೆಸಾನಿ ತೆರೆದ ಆಸ್ಪತ್ರೆ ಉಳಿಯಿತು. ಈಜಿಪ್ಟಿನ ಡಾಕ್ಟರುಗಳೇ ಅದನ್ನು ಮುಂದಕ್ಕೆ ನಡೆಸಿದರು. ಊರಿನ ಬಡವನಿಗೆ ಬೇಕಾದ ಬಾಗಿಲನ್ನು ಊರು ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ.

ಈಗ ಆಕೆಯ ಹೆಸರಿನ ಬ್ರೂಕ್ ಸಂಸ್ಥೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ದುಡಿಯುವ ಕುದುರೆ, ಕತ್ತೆ, ಹೇಸರಗತ್ತೆಗಳಿಗಾಗಿ ಕೆಲಸ ಮಾಡುತ್ತದೆ. ಭಾರತಕ್ಕೆ ಬಂದದ್ದು 1992ರಲ್ಲಿ. ಇಟ್ಟಿಗೆ ಗೂಡುಗಳಲ್ಲಿ ಸುಡು ಬಿಸಿಲಿಗೆ ಇಟ್ಟಿಗೆ ಹೊರುವ ಪ್ರಾಣಿಗಳ ಹತ್ತಿರಕ್ಕೇ ಹೋಗಿ, ಮದ್ದಿನ ಜೊತೆಗೆ ಮಾಲೀಕರಿಗೆ ತಿಳಿವಳಿಕೆಯನ್ನೂ ಕೊಡುತ್ತಾರೆ. ಹೊರೆ ಎಷ್ಟು ಹೇರಬೇಕು, ನೀರು ಯಾವಾಗ ಕುಡಿಸಬೇಕು, ಲಾಳ ಹೇಗೆ ಕಟ್ಟಿಸಬೇಕು, ಇಷ್ಟೇ. ಇದಕ್ಕೆ ದೊಡ್ಡ ದುಡ್ಡೇನೂ ಬೇಡ.

ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಇಂಥ ದೃಶ್ಯ ಹೊಸದಲ್ಲ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನ ಗದ್ದಲಕ್ಕೆ ಬೆದರಿ ನಿಂತ ಕುದುರೆ, ಏರು ದಾರಿಯಲ್ಲಿ ಮುಗ್ಗರಿಸುವ ಎತ್ತಿನ ಗಾಡಿ, ಮರಳು ಹೊತ್ತ ಕತ್ತೆ. ಅಯ್ಯೋ ಪಾಪ ಅನ್ನುವಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಗಿರುತ್ತದೆ. ಡಾರತಿ ಬ್ರೂಕ್ ಮಾಡಿದ್ದು ಇಷ್ಟೇ. ಆ ಜಾಗದಲ್ಲಿ ಇಳಿದಳು, ಪ್ರಾಣಿಯನ್ನು ನೋಡಿದಳು, ಗಾಡಿಯವನ ಮುಖವನ್ನೂ ನೋಡಿದಳು, ಇಬ್ಬರ ಬಾಕಿಯನ್ನೂ ತೀರಿಸಿ ಮುಂದಕ್ಕೆ ಹೋದಳು.