ಶ್ರೀ ವಿಲಿಯಂ ಕೂಪರ್: ಉತ್ಸವದ ದಿನ ಶೋಕವನ್ನಾಚರಿಸಿದ ವೃದ್ಧರು

ಜನವರಿ 26 ನಮಗೆ ಗಣರಾಜ್ಯದ ಪುಣ್ಯದಿನ. ಆಸ್ಟ್ರೇಲಿಯದಲ್ಲಿಯೂ ಅಂದು ರಾಷ್ಟ್ರೀಯೋತ್ಸವವೇ. 1788ರಲ್ಲಿ ಆರ್ಥರ್ ಫಿಲಿಪ್ ಎಂಬ ನೌಕಾಧಿಕಾರಿಯು ಕೈದಿಗಳ ಹಡಗುಗಳೊಡನೆ ಬಂದು ಸಿಡ್ನಿಯಲ್ಲಿ ಬ್ರಿಟಿಷ್ ಧ್ವಜವನ್ನೇರಿಸಿದ ದಿನವದು. ಮೂಲನಿವಾಸಿಗಳ ಪಾಲಿಗೆ ನೆಲ ಕೈತಪ್ಪಲಾರಂಭಿಸಿದ ದಿನ. ಇದನ್ನು ಲೋಕಕ್ಕೆ ಕೇಳುವಂತೆ ಸಾರಿದವರಲ್ಲಿ ಕೂಪರರು ಅಗ್ರಗಣ್ಯರು.

1860ರ ಸುಮಾರಿಗೆ ಮರ್ರೆ ನದಿಯ ಸೀಮೆಯಲ್ಲಿ, ಯೋರ್ಟ ಯೋರ್ಟ ಜನಾಂಗದಲ್ಲಿ ಅವರು ಜನಿಸಿದರು. ಮಲೋಗದ ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತರು. ಕುರಿಯ ಉಣ್ಣೆ ಕತ್ತರಿಸುವ ಕೂಲಿಯೇ ಮೊದಲಾದ ದುಡಿಮೆಯಲ್ಲಿ ಪ್ರಾಯ ಸವೆಯಿತು. ಮಗ ಡೇನಿಯಲ್ 1917ರಲ್ಲಿ ಸಾಮ್ರಾಜ್ಯದ ಪರವಾಗಿ ಕಾದಾಡಿ ಮಡಿದನು. ಆದರೂ ಮೂಲನಿವಾಸಿಗಳ ಮೀಸಲು ನೆಲೆಯಲ್ಲಿದ್ದ ತಂದೆಗೆ ವೃದ್ಧಾಪ್ಯ ವೇತನ ದೊರೆಯುವಂತಿರಲಿಲ್ಲ. ಎಪ್ಪತ್ತು ದಾಟಿದ ಆ ಮುದುಕರು ಹುಟ್ಟುನೆಲವನ್ನು ತೊರೆದು ಮೆಲ್ಬರ್ನಿನ ಬಳಿ ನೆಲಸಿದರು. ಅನ್ಯರು ವಿಶ್ರಮಿಸುವ ವಯಸ್ಸಿನಲ್ಲಿ ಅವರ ನಿಜವಾದ ಕಾರ್ಯ ಮೊದಲಾಯಿತು.

ಪಾರ್ಲಿಮೆಂಟಿನಲ್ಲಿ ತಮ್ಮವರಿಗೊಬ್ಬ ಪ್ರತಿನಿಧಿ ಬೇಕೆಂದು ದೊರೆಗೆ ಬಿನ್ನವತ್ತಳೆ ಬರೆದು 1,814 ರುಜುಗಳನ್ನು ಕೂಡಿಸಿದರು. 1937ರಲ್ಲಿ ಅದು ಸರಕಾರದ ಕೈಸೇರಿತು. ಮರುವರ್ಷ ಮಂತ್ರಿಮಂಡಲವು ಅದನ್ನು ದೊರೆಗೆ ಕಳುಹಿಸಕೂಡದೆಂದು ತೀರ್ಮಾನಿಸಿತು.

1938ರ ಜನವರಿ 26ರಂದು ಸಿಡ್ನಿಯಲ್ಲಿ ನೂರೈವತ್ತನೆಯ ವರ್ಷದ ಮೆರವಣಿಗೆ. ಫಿಲಿಪನ ಆಗಮನವನ್ನು ಅಭಿನಯಿಸಿ ತೋರಿಸಲು ದೂರದ ಮೆನಿಂಡಿಯಿಂದ ಮೂಲನಿವಾಸಿಗಳನ್ನು ಕರೆತಂದು, ಪೊಲೀಸರ ವಠಾರದಲ್ಲಿರಿಸಿದ್ದರು. ಸೋತವರಿಂದಲೇ ಸೋಲನ್ನು ಆಡಿಸುವ ಈ ವಿನೋದವನ್ನು ಏನೆನ್ನಬೇಕು! ಅದೇ ದಿನ ಅದೇ ನಗರದ ಸಭಾಭವನವೊಂದರಲ್ಲಿ ಸುಮಾರು ನೂರು ಮಂದಿ ಮೂಲನಿವಾಸಿಗಳು ನೆರೆದು ಶೋಕದಿನವನ್ನು ಆಚರಿಸಿದರು. ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗ್ಯುಸನ್ನರೊಡನೆ ಕೂಪರರೂ ಅಲ್ಲಿದ್ದರು. ಅವರು ಬೇಡಿದ್ದು ಸೇಡನ್ನಲ್ಲ, ಸಮಾನವಾದ ಪೌರತ್ವವನ್ನು.

ನವೆಂಬರ್ 1ರಂದು ಗಡಿಯ ಈಚೆ ದೀಪ ಹಚ್ಚುವ ನಮಗೆ, ಒಂದೇ ದಿನದಲ್ಲಿ ಹರ್ಷವೂ ಅಳಲೂ ಬೆರೆತಿರುವುದು ಅಪರಿಚಿತವಲ್ಲ. ಆದರೆ ನೆಲವನ್ನೇ ಕಳೆದುಕೊಂಡವರ ದುಃಖದೊಡನೆ ನಮ್ಮದನ್ನು ತೂಗುವುದು ಸಲ್ಲದು.

ಕೂಪರರ ಅನುಕಂಪ ಸ್ವಜನರಿಗಷ್ಟೇ ಮೀಸಲಾಗಿರಲಿಲ್ಲ. ಅದೇ ವರ್ಷದ ಡಿಸೆಂಬರ್ 6ರಂದು, ಜರ್ಮನಿಯಲ್ಲಿ ಯೆಹೂದ್ಯರ ಮೇಲೆ ನಡೆದ ಕ್ರೌರ್ಯವನ್ನು ಖಂಡಿಸಿ, ಅವರ ಸಂಘದವರು ಮೆಲ್ಬರ್ನಿನ ಜರ್ಮನ್ ದೂತಾಲಯಕ್ಕೆ ನಡೆದರು. ಒಳಗೆ ಯಾರೂ ಬಿಡಲಿಲ್ಲ. ತಮಗೇ ಸಮಾನವಾದ ಪೌರತ್ವವಿಲ್ಲದವರು ಪರರಿಗಾಗಿ ಬಾಗಿಲು ತಟ್ಟಿದ್ದರು!

1941ರ ಮಾರ್ಚ್ 29ರಂದು ಕೂಪರರು ತೀರಿಕೊಂಡರು. ಮೆಲ್ಬರ್ನಿನ ಮತಕ್ಷೇತ್ರವೊಂದಕ್ಕೆ ಮೊದಲು ಮೂಲನಿವಾಸಿಗಳ ನೆಲವನ್ನು ಕೊಂಡೆನೆಂದ ಜಾನ್ ಬ್ಯಾಟ್‌ಮನ್ನನ ಹೆಸರಿತ್ತು. 2018ರಲ್ಲಿ ಅದನ್ನು ತೆಗೆದು ಕೂಪರ್ ಕ್ಷೇತ್ರವೆಂದು ಕರೆದರು.