ಗಣಿತಜ್ಞ ಅಲನ್ ಟ್ಯೂರಿಂಗ್

ಅಲನ್ ಟ್ಯೂರಿಂಗರು 1912ನೆಯ ಇಸವಿ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಮದರಾಸು ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಗಳಾಗಿದ್ದುದರಿಂದ ಬಾಲಕನು ಬಹುಕಾಲ ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬೆಳೆಯಬೇಕಾಯಿತು.

1931ರಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದ ಅವರಿಗೆ 1935ರಲ್ಲಿ ಮ್ಯಾಕ್ಸ್ ನ್ಯೂಮನ್ನರ ಉಪನ್ಯಾಸಗಳಿಂದ ಒಂದು ಪ್ರಶ್ನೆಯ ಪರಿಚಯವಾಯಿತು. ತರ್ಕದ ಸಂಕೇತಗಳಲ್ಲಿ ಬರೆದ ಯಾವುದೇ ಹೇಳಿಕೆಯನ್ನು ಸಾಧಿಸಬಹುದೋ ಇಲ್ಲವೋ ಎಂಬುದನ್ನು ನಿಯತ ಕ್ರಮದಿಂದ ನಿರ್ಣಯಿಸುವ ವಿಧಾನವುಂಟೇ? ಜರ್ಮನಿಯ ಹಿಲ್ಬರ್ಟರು 1928ರಲ್ಲಿ ಮುಂದಿಟ್ಟಿದ್ದ ಪ್ರಶ್ನೆಯಿದು. ಉಂಟೆಂದೇ ಅವರ ನಂಬುಗೆ. ಉಂಟೆನ್ನುವವನು ವಿಧಾನವನ್ನು ತೋರಿಸಿದರಾಯಿತು. ಇಲ್ಲವೆನ್ನುವವನಾದರೋ ವಿಧಾನವೆಂದರೇನೆಂಬುದನ್ನೇ ಮೊದಲು ನಿರ್ವಚಿಸಬೇಕು.

ಟ್ಯೂರಿಂಗರು ಲೆಕ್ಕವನ್ನು ಬಿಟ್ಟು ಲೆಕ್ಕ ಮಾಡುವವನನ್ನು ನೋಡಿದರು. ಅವನು ಕಾಗದದ ಒಂದು ಚೌಕವನ್ನು ನೋಡುತ್ತಾನೆ. ಚಿಹ್ನೆಯೊಂದನ್ನು ಬರೆಯುತ್ತಾನೆ ಇಲ್ಲವೆ ಅಳಿಸುತ್ತಾನೆ. ಪಕ್ಕದ ಚೌಕಕ್ಕೆ ಸರಿಯುತ್ತಾನೆ. ಮುಂದಿನ ಕ್ರಿಯೆಯನ್ನು ಕಣ್ಣೆದುರಿನ ಚಿಹ್ನೆಯೂ ಅವನ ಆಗಿನ ಮನಃಸ್ಥಿತಿಯೂ ಕೂಡಿ ನಿಶ್ಚಯಿಸುತ್ತವೆ. ಇಷ್ಟನ್ನೇ ಮಾಡುವ ಯಂತ್ರವೊಂದನ್ನು ಅವರು ಮನಸ್ಸಿನಲ್ಲಿಯೇ ನಿರ್ಮಿಸಿದರು. (ಸೂತ್ರಗಳನ್ನು ಒಂದೊಂದಾಗಿ ಹಚ್ಚಿ ರೂಪಸಿದ್ಧಿ ಮಾಡಿದ ವ್ಯಾಕರಣದ ವಿದ್ಯಾರ್ಥಿಗೆ ಈ ಬಗೆ ಅಪರಿಚಿತವಲ್ಲ.) ಯಂತ್ರದ ನಿಯಮಗಳನ್ನೂ ಚಿಹ್ನೆಗಳಲ್ಲಿ ಬರೆಯಬಹುದಷ್ಟೆ, ಹಾಗಾಗಿ ಆ ಬರಹವನ್ನು ಓದಿ ಬೇರಾವ ಯಂತ್ರದ ಕೆಲಸವನ್ನಾದರೂ ಮಾಡಬಲ್ಲ ಒಂದೇ ಯಂತ್ರವು ಸಾಧ್ಯವೆಂದರು. ಇಂದಿನ ಗಣಕಯಂತ್ರದ ತತ್ತ್ವವಿದೇ. ಆದರೆ ಯಾವ ಯಂತ್ರವು ಅಂಕಿಗಳನ್ನು ಕೊನೆಯಿಲ್ಲದೆ ಬರೆಯುತ್ತಲೇ ಹೋಗುವುದು, ಯಾವುದು ನಡುವೆ ಸಿಕ್ಕಿಬೀಳುವುದು ಎಂಬುದನ್ನು ಎಲ್ಲ ಯಂತ್ರಗಳ ವಿಷಯದಲ್ಲಿಯೂ ಹೇಳಬಲ್ಲ ಯಂತ್ರವಿದೆಯೆಂದುಕೊಂಡರೆ, ಅದು ತನ್ನನ್ನೇ ಪರೀಕ್ಷಿಸಹೊರಟಾಗ ವಿರೋಧ ತಲೆದೋರುತ್ತದೆ. ಆದುದರಿಂದ ಹಿಲ್ಬರ್ಟರು ಬಯಸಿದ ವಿಧಾನವಿಲ್ಲವೆಂದು 1936ರ ಪ್ರಬಂಧವು ಸಾಧಿಸಿತು. ಆಗ ಅವರಿಗೆ ಇನ್ನೂ ಇಪ್ಪತ್ತನಾಲ್ಕು. ಅಮೆರಿಕದ ಅಲೊಂಜೊ ಚರ್ಚರು ಬೇರೆ ದಾರಿಯಿಂದ ತುಸು ಮೊದಲೇ ಇದೇ ನಿರ್ಣಯಕ್ಕೆ ಬಂದಿದ್ದರು; ಆದರೂ ಗ್ಯೋಡೆಲರಂಥ ವಿಮರ್ಶಕರ ಮನಸ್ಸನ್ನು ಒಪ್ಪಿಸಿದ್ದು ಟ್ಯೂರಿಂಗರ ನಿರ್ವಚನವೇ.

ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಗೂಢಲಿಪಿಯನ್ನು ಭೇದಿಸುವ ಕಾರ್ಯದಲ್ಲಿ ಅವರು ಪ್ರಮುಖರು. ದಶಕಗಳವರೆಗೆ ಅದು ಗುಟ್ಟಾಗಿಯೇ ಉಳಿಯಿತು. 1949ರಲ್ಲಿ, ಯಂತ್ರಕ್ಕೆ ಕೊಟ್ಟ ಆದೇಶಾವಳಿ ನಿರ್ದುಷ್ಟವೆಂಬುದನ್ನು ಗಣಿತದ ಪ್ರಮೇಯದಂತೆ ಸಾಧಿಸಿ ತೋರಿಸಬೇಕೆಂದು ಕಿರುಬರಹವೊಂದನ್ನು ಮಂಡಿಸಿದರು. ಅದನ್ನು ಬಹುಕಾಲ ಯಾರೂ ಗಮನಿಸಲಿಲ್ಲ.

ಸಲಿಂಗಪ್ರೇಮವು ಅಪರಾಧವೆನಿಸಿದ್ದ ಆ ದಿನಗಳಲ್ಲಿ, 1952ರಲ್ಲಿ, ನ್ಯಾಯಾಲಯವು ಅವರನ್ನು ದೋಷಿಯೆಂದಿತು. ದೇಶವನ್ನು ಕಾಪಾಡಿದವರಿಗೆ ಸೆರೆಯ ಬದಲು ಹಾರ್ಮೋನಿನ ಚಿಕಿತ್ಸೆಯನ್ನು ವಿಧಿಸಲಾಯಿತು. 1954ರ ಜೂನ್ 7ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಅವರು ತೀರಿಕೊಂಡರು. ಬ್ರಿಟನ್ನಿನ ಪ್ರಧಾನಮಂತ್ರಿಗಳು ಸರ್ಕಾರದ ಪರವಾಗಿ ಕ್ಷಮೆ ಯಾಚಿಸಿದ್ದು 2009ರಲ್ಲಿ. ರಾಣಿಯವರ ಕ್ಷಮಾದಾನ ಹೊರಟಿದ್ದು 2013ರಲ್ಲಿ.